ಮಹಡಿ ಹತ್ತಿಳಿದ ಮೇಷ್ಟ್ರು

ಮೇಷ್ಟ್ರ ಕಸುಬೇ ವಿಚಿತ್ರ. ಕಣ್ಣಿಗೆ ಕಾಣದ ಐದನೇ ಆಯಾಮವೊಂದಿದೆ ಎಂದುಕೊಂಡು, ಅದರೊಳಗೆ ಬಗೆಬಗೆಯ ಮೂಲಕಣಗಳನ್ನು ದೂರ ದೂರ ಕೂರಿಸುವುದು. ಹತ್ತಿರ ಬಿಟ್ಟರೆ ಒಂದು ಬಗೆಯದು ಇನ್ನೊಂದಾಗಿ ಲೆಕ್ಕವೆಲ್ಲ ಕಲಸಿಹೋಗುತ್ತದಂತೆ.

ಮನೆಯಲ್ಲೂ ಅದೇ ಸೂತ್ರ. ತಾಯಿಯಿಲ್ಲದ ಅವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನಿಗೂ ಹೆಂಡತಿಗೂ ಕಿಟಕಿ ಪರದೆಯ ಬಣ್ಣದ ಮೇಲೆ ಜಗಳವಾಗಿ ಮಾತು ನಿಂತಿತು. ಮೇಷ್ಟ್ರು ಅಕ್ಕನನ್ನು ಮಹಡಿಗೆ ಸಾಗಿಸಿ, ಹೆಂಡತಿಯನ್ನು ಕೆಳಗೆ ಉಳಿಸಿ, ತಾವೇ ಸುದ್ದಿ ಹೊತ್ತು ಮೆಟ್ಟಿಲು ಹತ್ತಿಳಿಯತೊಡಗಿದರು.

"ನಿನ್ನ ಮಂಡಿನೋವು ಹೇಗಿದೆ ಅಂತ ಅವಳು ಕೇಳಿದ್ಲು ಅಕ್ಕಾ" ಎಂದು ಮೇಲೆ. "ಅಕ್ಕ ತಪ್ಪಾಯ್ತು ಅಂದ್ಲು ಕಣೇ" ಎಂದು ಕೆಳಗೆ. ಅವಳು ಕೇಳಿರಲೂ ಇಲ್ಲ, ಇವಳು ಅಂದಿರಲೂ ಇಲ್ಲ. ಮನೆ ತಣ್ಣಗಿದೆಯಲ್ಲ ಎಂದು ಮೇಷ್ಟ್ರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಅಕ್ಕ ಮಾತ್ರ ಒಂದು ದಿನ, "ನಾಳಿದ್ದು ಚಿಕ್ಕಮ್ಮನ ಮನೆಗೆ ಹೊರಡ್ತೀನಿ, ಇನ್ನು ಬರಲ್ಲ" ಎಂದುಬಿಟ್ಟಳು. ಅಕ್ಕನಿಲ್ಲದ ಮನೆಯನ್ನು ಮೇಷ್ಟ್ರು ಕಂಡೇ ಇರಲಿಲ್ಲ.

ಮರುದಿನ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ತಮ್ಮ ಸಿದ್ಧಾಂತ ಮಂಡಿಸಿದಾಗ, ಸಹೋದ್ಯೋಗಿ ಮೇಡಂ ಎದ್ದು ನಿಂತರು. "ದೂರ ಕೂರಿಸಿದ್ದು ಸರಿ ಸಾರ್. ಆದ್ರೆ ಮಧ್ಯೆ ಸುದ್ದಿ ಹೊತ್ತು ಓಡಾಡೋ ನಿಮ್ಮ ದೂತಕಣ ಒಬ್ಬೊಬ್ಬರ ಹತ್ರ ಒಂದೊಂದು ಥರ ನಡ್ಕೊಳ್ಳುತ್ತೆ. ಗಲಾಟೆಯೆಲ್ಲ ಅದರಿಂದ್ಲೇ."

"ಹಾಗೇನಿಲ್ಲ" ಎಂದು ಮೇಷ್ಟ್ರು ಮುಖ ಊದಿಸಿಕೊಂಡು ಮನೆಗೆ ಬಂದರು.

ಬಂದರೆ, ಅಕ್ಕ ಒಂದು ದಿನ ಮುಂಚೆಯೇ ಟ್ರಂಕು ಹಿಡಿದು ಇಳಿಯುತ್ತಿದ್ದಳು. ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

"ಮಂಡಿನೋವು ಹೇಗಿದೆ ಅಂತ ಕೇಳಿ ಕಳಿಸೋಳು, ಒಂದ್ಸಲ ಮೇಲೆ ಬಂದು ನೋಡಬಾರದಿತ್ತೇನೇ?" ಅಕ್ಕ ಟ್ರಂಕನ್ನು ಮೆಟ್ಟಿಲ ಮೇಲಿಟ್ಟಳು.

"ನಾನೆಲ್ಲಿ ಕೇಳಿ ಕಳಿಸ್ದೆ? ತಪ್ಪಾಯ್ತು ಅಂದೋರು ನೀವು ಒಂದ್ಸಲ ಇಳಿದು ಬರಬಾರದಿತ್ತಾ ಅತ್ತಿಗೆ?"

"ನಾನ್ಯಾಕೆ ತಪ್ಪಾಯ್ತು ಅನ್ಲಿ?"

ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ಚಪ್ಪಲಿ ಬಿಡುತ್ತಿದ್ದ ಮೇಷ್ಟ್ರಿಗೆ ಮತ್ತೆ ಮೆಟ್ಟಿಕೊಳ್ಳೋಣ ಅನ್ನಿಸಿತು.

ಟ್ರಂಕನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಕೆಳಗಿನ ಕೋಣೆಗೇ ಒಯ್ದರು. ಮೇಷ್ಟ್ರ ಹಾಸಿಗೆ ಮಹಡಿ ಹತ್ತಿತು.

ಅಕ್ಕ ಉಳಿದಳಲ್ಲ ಎಂದು ಅವರು ಮೇಲೆ ಕೂತು ಕಣ್ಣೊರೆಸಿಕೊಂಡರು. ಆಮೇಲೆ, ದೂತಕಣಕ್ಕೆ ಎಲ್ಲ ಕಡೆಯೂ ಒಂದೇ ನಡವಳಿಕೆ ಎಂದು ತಿದ್ದಿ ಬರೆದರು. ಲೆಕ್ಕ ಕೂಡಿಬಂತು. ಖುಷಿಯಲ್ಲಿ ಮೆಟ್ಟಿಲ ಬಳಿ ಬಂದು ಕೆಳಗೆ ಕೂಗಿ ಹೇಳಿದರು.

ಕೆಳಗೆ ಅಕ್ಕ ಒಂದು ಕದ, ಹೆಂಡತಿ ಇನ್ನೊಂದು ಕದ ಹಿಡಿದು ಕೋಣೆಯ ಬಾಗಿಲು ಮುಚ್ಚಿದರು.