ಎದುರಿಗೆ ಕುಳಿತು ಉಣ್ಣುತ್ತಿದ್ದ ಆಯಮ್ಮ

ಆಯಮ್ಮನ ಒಂದು ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿನ ಜಾಗದಲ್ಲಿ ಚರ್ಮ ಹುಣಸೆಬೀಜದಂತೆ ನುಣ್ಣಗೆ ಹೊಳೆಯುತ್ತಿತ್ತು. ಅವರು ಮುದ್ದೆ ಮುರಿಯುವಾಗ ಅದನ್ನೇ ನೋಡುತ್ತಿದ್ದೆನೆಂದು ನೆನಪು. ಹಾಗಾದರೆ ಅದು ಬಲಗೈ. ಆದರೆ ಸುಣ್ಣ ಹಚ್ಚುವಾಗ ವೀಳ್ಯದೆಲೆಯನ್ನು ಒತ್ತಿ ಹಿಡಿದ ಎಡಗೈ ಬೆರಳಿಗೂ ಉಗುರಿರಲಿಲ್ಲ ಎನಿಸುತ್ತದೆ. ಇಷ್ಟು ಸಣ್ಣ ವಿಷಯದಲ್ಲೇ ನನ್ನ ನೆನಪು ಎರಡು ಮಾತಾಡುತ್ತದೆ. ಮುಂದಿನದರಲ್ಲೂ ಕೆಲವು ತಪ್ಪಿರಬಹುದು.

ಎಪ್ಪತ್ತರ ದಶಕದ ನಡುವೆ ನಾವು ಹಿರಿಯೂರಿನಲ್ಲಿದ್ದೆವು. ನಾನು ಪಿಯುಸಿ ಓದುತ್ತಿದ್ದೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಅಲ್ಲಿಯ ಪ್ರೈಮರಿ ಶಾಲೆಯಲ್ಲಿ ಟೀಚರ್. ನಮ್ಮ ಜೊತೆಗೇ ಇದ್ದಳು. ಮೊದಲು ಸೋಮವಾರ ಒಪ್ಪತ್ತು ಹಿಡಿದಳು. ಆಮೇಲೆ ಶುಕ್ರವಾರ, ಶನಿವಾರ. ಎಂಥ ಭಕ್ತಿ ಎಂದು ಬೀದಿಯ ಹೆಂಗಸರು ಹೊಗಳಿದರು, ಅಮ್ಮನಿಗೂ ಹೆಮ್ಮೆಯಾಯಿತು. ಒಪ್ಪತ್ತಿಲ್ಲದ ದಿನವೂ ಅವಳು ಉಣ್ಣುತ್ತಿಲ್ಲ ಎಂದು ನಮಗೆ ಗೊತ್ತಾದದ್ದು, ಪಾಠ ಮಾಡುತ್ತಾ ಬೋರ್ಡಿನ ಮುಂದೆ ಬಿದ್ದ ಮೇಲೆ. ಚಿತ್ರದುರ್ಗದ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿ, "ಹೊಟ್ಟೇಲಿ ದೋಷ ಇಲ್ಲ. ಊಟದ ಹೊತ್ತಿಗೆ ಜೊತೇಲಿ ಒಬ್ರು ಕೂರ್ಬೇಕು. ಮನೆಯವ್ರು ಬೇಡ" ಎಂದರು. ಹೆಂಗಸರ ವಾರ್ಡಿನಲ್ಲಿ ಆಯಾ ಆಗಿದ್ದು, ಕೆಲಸ ಬಿಟ್ಟು ನಮ್ಮೂರ ಪಕ್ಕದ ಬಬ್ಬೂರಿನಲ್ಲಿ ತಮ್ಮನ ಮನೆ ಸೇರಿದ್ದ ಒಬ್ಬರನ್ನು ಅವರೇ ಗೊತ್ತುಮಾಡಿಕೊಟ್ಟರು. ಆ ಕಾಯಿಲೆಗೆ ಆಗ ನಮ್ಮಲ್ಲಿ ಹೆಸರಿರಲಿಲ್ಲ. ಅಮ್ಮ ಅದನ್ನು ಹಟ ಎನ್ನುತ್ತಿದ್ದಳು.

ಬಂದ ದಿನವೇ ಆಯಮ್ಮ ಎಲ್ಲರನ್ನೂ ಕೂರಿಸಿಕೊಂಡು ನಮ್ಮ ಮಾತಿಗೆ ಕಟ್ಟು ಹಾಕಿದರು.

"ಟೀಚರಮ್ಮಂಗೆ ಸೊರಗಿದೀಯ ಅನ್ನಂಗಿಲ್ಲ. ದುಂಡಗಾದೆ ಅಂತ್ಲೂ ಅನ್ನಂಗಿಲ್ಲ. ಇನ್ನೊಂದು ತುತ್ತು ಅನ್ನೋ ಮಾತಂತೂ ಬ್ಯಾಡೇ ಬ್ಯಾಡ."

"ಮತ್ತೆ ಊಟಕ್ಕೆ ಕುಂತಾಗ ಮಾತಾಡೋದೇನು?" ಎಂದಳು ಅಮ್ಮ.

"ಮಳೆ ಬಗ್ಗೆ ಮಾತಾಡ್ರಿ."

"ಹಿರಿಯೂರಾಗೆ ಮಳೆ ಮಾತು ಎಷ್ಟೊತ್ತು ಬರ್ತೈತೆ?"

ಚಿಕ್ಕಮ್ಮ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದು ಅದೇ, ಅಥವಾ ಈಗ ನನಗೆ ಹಾಗೆ ಅನಿಸುತ್ತದೆ.

ಆಯಮ್ಮನ ಕೆಲಸವೆಂದರೆ ಎದುರಿಗೆ ಕುಳಿತು ಉಣ್ಣುವುದು. ಚಿಕ್ಕಮ್ಮನ ತಟ್ಟೆಯ ಕಡೆ ನೋಡುತ್ತಿರಲಿಲ್ಲ. ಸೊರಸೊರ ಸಾರು ಕುಡಿಯುತ್ತಾ, ತಮ್ಮನ ಟಗರು ಯಾರದೋ ಮದುವೆ ಚಪ್ಪರಕ್ಕೆ ನುಗ್ಗಿ ಬೀಗರನ್ನು ಓಡಿಸಿದ ಕತೆ ಹೇಳುತ್ತಿದ್ದರು. "ಕುರಿ ಮೇಯೋವಾಗ ಅದ್ರ ಬಾಯಿ ನೋಡ್ಕಂಡು ನಿಂತ್ರೆ ಮೇಯ್ತತಾ? ಬೆನ್ನು ತಿರುಗಿಸ್ಕಂಡು ಕುಂತ್ಕಬೇಕು, ಕಿವಿ ಮಾತ್ರ ಅಲ್ಲೇ ಇರ್ಬೇಕು" ಎಂದು ಒಮ್ಮೆ ನನಗೆ ಹೇಳಿದ್ದರು. ಅನ್ನವನ್ನು ತಟ್ಟೆ ತುಂಬ ಕೆದಕಿ ಉಂಡ ಹಾಗೆ ತೋರಿಸಬಹುದು, ಮುದ್ದೆ ಎಷ್ಟು ಉಳಿದಿದೆಯೋ ಅಷ್ಟು ಕಾಣುತ್ತದೆ ಎಂದು ಮುದ್ದೆಯನ್ನೇ ಬಡಿಸುತ್ತಿದ್ದರು. ಊಟವಾದ ಮೇಲೆ ಚಿಕ್ಕಮ್ಮ ಬಚ್ಚಲಿಗೆ ಎದ್ದು ಹೋಗಿ ಕಕ್ಕದಂತೆ ಮುಂದೆ ಅವರೆಕಾಯಿ ಸುರಿದು, ಜೊತೆಗೆ ತಾವೂ ಸುಲಿಯುತ್ತಾ ಕೂರುತ್ತಿದ್ದರು.

ಆಯಮ್ಮ ತಾಳ್ಮೆಯ ಮೂರ್ತಿಯೇನಲ್ಲ. ಒಂದು ಮಧ್ಯಾಹ್ನ ಚಿಕ್ಕಮ್ಮ ತುತ್ತನ್ನು ಸೆರಗಿನಲ್ಲಿ ಅಡಗಿಸಿದ್ದು ಕಂಡು, "ನಂಗೇನು, ಹೊಟ್ಟೆ ನಿಂದು, ಸಾಯಿ" ಎಂದು ತಟ್ಟೆ ನೂಕಿ ಎದ್ದುಬಿಟ್ಟರು. ಹಿತ್ತಿಲಲ್ಲಿ ಸ್ವಲ್ಪ ಹೊತ್ತು ಕುಳಿತು, ಬಾಯಿ ಮುಕ್ಕಳಿಸಿ ಒಳಗೆ ಬಂದರು. "ತಪ್ಪಾತು ಕಣವ್ವ. ನನ್ನ ನಾಲಿಗೇನೂ ಒಂದು ಟಗರು." ಚಿಕ್ಕಮ್ಮ ತಾನೇ ಸೆರಗಿನ ಗಂಟು ಬಿಚ್ಚಿ, ಆ ತುತ್ತನ್ನು ತಟ್ಟೆಗೆ ಹಾಕಿದಳು. ಉಂಡಳೋ ಇಲ್ಲವೋ ನಾನು ನೋಡಲಿಲ್ಲ. ಆಯಮ್ಮನೂ ನೋಡಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಚಿಕ್ಕಮ್ಮ ಮತ್ತೆ ಶಾಲೆಗೆ ಹೋಗತೊಡಗಿದಳು. ಯುಗಾದಿಗೆ ಹೊಸ ರವಿಕೆ ಹೊಲಿಸಿಕೊಂಡಳು. ಹಬ್ಬದ ಬೆಳಿಗ್ಗೆ ಅದನ್ನು ತೊಟ್ಟಾಗ ಕೋಣೆಯಲ್ಲಿ ಮೂವರಿದ್ದರು: ಅವಳು, ಅಮ್ಮ, ಆಯಮ್ಮ. ನಾನು ಪಡಸಾಲೆಯಲ್ಲಿದ್ದೆ. ಒಳಗಿನಿಂದ ಮಾತು ಕೇಳಿಸಿತು: "ಈಗ ನೋಡು, ಮೈಕೈ ತುಂಬ್ಕಂಡು ಎಷ್ಟು ಲಕ್ಷಣವಾಗಿ ಕಾಣ್ತೀಯ." ಪ್ರೀತಿಯಿಂದಲೇ ಆಡಿದ ಮಾತು. ಚಿಕ್ಕಮ್ಮ ಹೊರಗೆ ಬಂದಳು. ರವಿಕೆಯ ತೋಳಿನೊಳಗೆ ಎರಡು ಬೆರಳು ತೂರಿಸಿ, ಎಷ್ಟು ಬಿಗಿಯಾಗಿದೆ ಎಂದು ನೋಡಿಕೊಳ್ಳುತ್ತಿದ್ದಳು. ಆ ದಿನ ಹೋಳಿಗೆ ಮುಟ್ಟಲಿಲ್ಲ. ಮಾರನೆಯ ದಿನ ಮುದ್ದೆಯನ್ನೂ ಮುಟ್ಟಲಿಲ್ಲ.

ಮಾತು ನೆನಪಿದೆ, ದನಿ ನೆನಪಿಲ್ಲ. ಆ ಕಟ್ಟು ಹಾಕಿದವರೇ ಅದನ್ನು ಮುರಿದಿರಲಾರರು ಎಂದು ಒಮ್ಮೆ ಅನಿಸುತ್ತದೆ. ನಾಲಿಗೆ ಟಗರು ಎಂದು ಅವರೇ ಹೇಳಿದ್ದೂ ನೆನಪಾಗುತ್ತದೆ. ಅಮ್ಮನಾದರೂ ಅಷ್ಟು ತಿಂಗಳು ಬಾಯಿ ಕಟ್ಟಿಕೊಂಡಿದ್ದವಳು, ಹಬ್ಬದ ಖುಷಿಯಲ್ಲಿ ಅಂದಿರಬಹುದು.

ಕೆಲವು ದಿನ ಕಾದು ನೋಡಿ ಅಮ್ಮ, "ನೀನೇ ಹಾಕಿದ ಕಟ್ಟು ನೀನೇ ಮುರಿದ್ಯಲ್ಲ ಆಯಮ್ಮ. ನಾಳೆಯಿಂದ ಬರಬೇಡ" ಎಂದಳು. ಆಯಮ್ಮ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದರು. "ಯಾರಂದ್ರೆ ಏನು ಬಿಡ್ರಿ ಅಮ್ಮಾರೆ. ಎದುರಿಗೆ ಒಬ್ರು ಸುಮ್ನೆ ಉಣ್ಣಾರು ಇರ್ಲಿ, ಅಷ್ಟೇ" ಎಂದು ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಹಾಗೆ ಕೂರುವುದು ಮನೆಯಲ್ಲಿ ಯಾರಿಗೂ ಬರಲಿಲ್ಲ. ಅಮ್ಮ ಅತ್ತಳು, ಅಪ್ಪ ಗದರಿದ, ನಾನು ಆಣೆ ಹಾಕಿಸಿದೆ. ಮುಂಗಾರು ಶುರುವಾಗುವ ಮೊದಲೇ ಚಿಕ್ಕಮ್ಮ ದುರ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಳು.

ತಿಥಿಯ ದಿನ ಆಯಮ್ಮ ಬಂದು ಅಂಗಳದ ಮೂಲೆಯಲ್ಲಿ ಕುಳಿತಿದ್ದರು. ಊಟಕ್ಕೆ ಏಳಿ ಎಂದು ಅಪ್ಪ ಎರಡು ಸಲ ಕರೆದರೂ ಏಳಲಿಲ್ಲ. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಅವರೂ ಹೋದರೆಂದು ಅಪ್ಪ ಹೇಳಿದ.

ಹೋದ ಸಲ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ. "ಅವತ್ತು ಕೋಣೇಲಿ ಆ ಮಾತು ಅಂದಿದ್ದು ಆಯಮ್ಮನಾ, ನೀನಾ?" ಅಮ್ಮ ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಮಡಿಚಿಟ್ಟಳು. ಆಮೇಲೆ, "ನಿನ್ನ ಬಸ್ಸು ಎಷ್ಟೊತ್ತಿಗೆ?" ಎಂದಳು.