ಗೋಪುರದ ಮೇಲಿಂದ ಕಂಡ ಕೆರೆ

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಹಲಸೂರಿನಿಂದ ಕೆ.ಆರ್. ಪುರದವರೆಗೆ ಯಾರೂ ಇಲ್ಲ. ಆದರೂ ಒಂದು ಸುಳ್ಳಿಗೆ ಇವತ್ತಿಗೂ ನಾಚುತ್ತೇನೆ.

ನಮ್ಮ ಬೀದಿಯ ಕೊನೆಯಲ್ಲಿ ಹಳೆಯ ಕಬ್ಬಿಣದ ಗೋಪುರವಿದೆ. ಊರಲ್ಲಿ ಎಲ್ಲಿ ಬೆಂಕಿ ಬಿದ್ದರೂ ಹೊಗೆ ಕಾಣಲೆಂದು ಕಟ್ಟಿದ್ದು. ನನ್ನ ಗೆಳೆಯ ಪ್ರಾಯದಲ್ಲಿ ಅದರ ಮೇಲೆ ನಿಂತು, ದೂರದ ಕೆರೆ ನೋಡುತ್ತಾ ಕಾವಲು ಕಾದವನು. ಅದನ್ನು ಕೆಡವುತ್ತಾರೆಂದಾಗ ನಾಲ್ಕಾರು ಮುದುಕರನ್ನು ಸೇರಿಸಿ, ಭಾನುವಾರಗಳಲ್ಲಿ ತುಕ್ಕು ಕೆರೆಸಿ ಬಣ್ಣ ಹಚ್ಚಿಸಿದವನೂ ಅವನೇ. ಮಂಡಿನೋವಿನಿಂದ ಅವನು ಮಾತ್ರ ಹತ್ತಲಾರ. ಕೆಳಗೆ ಕುರ್ಚಿ ಹಾಕಿಕೊಂಡು ಕೂಗುತ್ತಿದ್ದ.

“ಲೋ, ಕೆರೆ ಕಾಣ್ಸುತ್ತೇನೋ?”

“ಕಾಣ್ಸುತ್ತೆ ಗುರು! ದಡದಲ್ಲಿ ನಿನ್ನ ಹಳೇ ಹುಡುಗಿ ಕೈ ಬೀಸ್ತಾವ್ಳೆ!”

“ಥೂ, ಕಳ್ಳ!” ಎಂದು ನಗುತ್ತಿದ್ದ. “ಏನೂ ಕಾಣ್ದಿದ್ರೆ ಅದು ಗೋಪುರ ಅಲ್ಲ ಕಣೋ, ಬರೀ ಕಬ್ಬಿಣ.”

ನಿಜಕ್ಕೂ ಮೇಲಿಂದ ಕಾಣುತ್ತಿದ್ದುದು ನಾಲ್ಕೂ ಕಡೆ ಅಪಾರ್ಟ್‌ಮೆಂಟಿನ ಗೋಡೆ, ಬಾಲ್ಕನಿಗಳಲ್ಲಿ ಒಣಗಲು ಹಾಕಿದ ಬಟ್ಟೆ. ಅವನಿಗೆ ನಿಜ ಹೇಳದಂತೆ ಉಳಿದವರ ಬಾಯನ್ನೂ ನಾನೇ ಮುಚ್ಚಿಸಿದ್ದೆ.

ಕೆಲಸ ಮುಗಿದ ದಿನ ತಾನೂ ಹತ್ತುತ್ತೇನೆಂದು ಹಟ ಹಿಡಿದ. ಹಿಂದಿನಿಂದ ತಳ್ಳುತ್ತಾ, ಅಲ್ಲಲ್ಲಿ ಕೂರಿಸುತ್ತಾ ಹತ್ತಿಸಿದೆ. ಕಂಬಿ ಹಿಡಿದು ಸುತ್ತಲೂ ನೋಡಿದ. ಬೈಗುಳಕ್ಕೆ ಕಾದೆ.

ಕೆಳಗಿನಿಂದ ಅವನ ಮಗಳು ಕೂಗಿದಳು, “ಅಪ್ಪಾ, ಕೆರೆ ಕಾಣ್ಸುತ್ತಾ?”

“ಕಾಣ್ಸುತ್ತಮ್ಮಾ,” ಎಂದ. ಕಣ್ಣು ಎದುರಿನ ಗೋಡೆಯ ಮೇಲೇ ಇತ್ತು.

ಆಮೇಲೆ ಅವನು ಒಂದು ಭಾನುವಾರವೂ ಬರಲಿಲ್ಲ. ಕರೆಯಲು ಹೋದರೆ ಮಂಡಿನೋವು ಅನ್ನುತ್ತಾನೆ, ನನ್ನ ಮುಖ ನೋಡುವುದಿಲ್ಲ. ನಾನು ಮಾತ್ರ ಈಗಲೂ ಅವನ ಕುರ್ಚಿಯನ್ನು ಕೆಳಗೆ ಹಾಕಿಯೇ ಮೇಲೆ ಹತ್ತುತ್ತೇನೆ.