ಅತ್ತಿಗೆ ಗೇಟು ಮುಚ್ಚಿದ ದಿನ

ನನ್ನ ಅತ್ತಿಗೆಯನ್ನು ದೂರದಿಂದ ನೋಡಿದವರು ಯಾರೋ ಶಾಲೆಗೆ ಹೋಗುವ ಹುಡುಗಿ ಅಂದುಕೊಳ್ಳುತ್ತಾರೆ. ಹತ್ತಿರ ಬಂದು ನರೆತ ಕೂದಲು ಕಂಡು ಬೆಪ್ಪಾಗುತ್ತಾರೆ. ಅಷ್ಟು ಗಿಡ್ಡ. ನಮ್ಮ ಇಸ್ತ್ರಿ ಅಂಗಡಿಯಲ್ಲಿ ಮೇಜು ಎಟುಕಲೆಂದು ಕಾಲಡಿಗೆ ಹಲಗೆ ಹಾಕಿಕೊಂಡು ನಿಲ್ಲುತ್ತಾಳೆ. ಬೆಳಗಿನಿಂದ ಆ ಹಬೆಯಲ್ಲಿ ಬೆಂದು ಹೋಟೆಲುಗಳ ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ಇಸ್ತ್ರಿ ಮಾಡಿ, ಸಂಜೆ ತಾನೇ ವ್ಯಾನು ಓಡಿಸಿಕೊಂಡು ಹೋಗಿ ಕೊಟ್ಟು ಬರುತ್ತಾಳೆ. ನಾನು ಗಲ್ಲಾಪೆಟ್ಟಿಗೆ ಹತ್ತಿರ ಕೂತು ಗಿರಾಕಿಗಳ ಜೊತೆ ಜಗಳ ಆಡುತ್ತೇನೆ. ಅದನ್ನೂ ಯಾರಾದರೂ ಮಾಡಬೇಕಲ್ಲ.

ಒಂದು ಸಂಜೆ ಗುಡ್ಡದ ಕಡೆಯ ವಸತಿಗೃಹಕ್ಕೆ ಬಟ್ಟೆ ಕೊಟ್ಟು ಬಂದವಳ ಮುಖ ಊರಗಲ ಆಗಿತ್ತು.

"ಗುಡ್ಡದ ದಾರೀಲಿ ಒಂದು ತಂಡ ಬೈಕಿನ ಮೇಲೆ ನಿಂತ್ಕೊಂಡೇ ಹೋಗುತ್ತೆ ಕಣೆ," ಅಂದಳು. "ಕಲ್ಲು, ಕೆಸರು, ಯಾವುದೂ ಲೆಕ್ಕಕ್ಕಿಲ್ಲ. ನಾನೂ ಕಲೀತೀನಿ."

"ಇಡೀ ದಿನ ನಿಂತಿದ್ದು ಸಾಲಲ್ವಾ ನಿಂಗೆ?" ಅಂದೆ. ಪಕ್ಕದಲ್ಲಿದ್ದ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಗಬಾರದಿತ್ತು. ಅತ್ತಿಗೆ ಮಾತಿಗೆ ಮಾತು ಬೆಳೆಸುವವಳಲ್ಲ, ಆದರೆ ಹಟ ಹಿಡಿದರೆ ಮುಗಿಯಿತು. ಮಾರನೆಯ ದಿನವೇ ಆ ಸವಾರರ ತಂಡ ನಡೆಸುವ ಮೆಕ್ಯಾನಿಕ್‌ನ ಗ್ಯಾರೇಜಿಗೆ ಹೋಗಿ ನಿಂತಳು.

ಆ ಮನುಷ್ಯ ಬಾಗಿಲು ದಾಟುವಾಗ ತಲೆ ತಗ್ಗಿಸಲೇಬೇಕು. ನಾನು ಅವನಿಗೆ ಜಿರಾಫೆ ಎಂದು ಹೆಸರಿಟ್ಟಿದ್ದೇನೆ. ಒಳ್ಳೆಯವನೇ, ಆದರೆ ನಿಯಮ ಅಂದರೆ ನಿಯಮ. ಅವನ ತಂಡ ಕಂಡಕಂಡಲ್ಲಿ ನುಗ್ಗುವ ಪೈಕಿಯದಲ್ಲ. ಸರ್ಕಾರಿ ನಕ್ಷೆಯಲ್ಲಿ ವಾಹನಕ್ಕೆ ಬಿಟ್ಟಿರುವ ಹಳೆಯ ಗಾಡಿದಾರಿ, ಇಲ್ಲವೇ ಜಮೀನಿನ ಯಜಮಾನ ಒಪ್ಪಿದ ದಾರಿ, ಅಷ್ಟೇ. ಲೈಸೆನ್ಸು, ವಿಮೆ, ನಂಬರ್ ಪ್ಲೇಟು ಇರಬೇಕು. ಸೈಲೆನ್ಸರ್ ಗದ್ದಲ ಮಾಡಬಾರದು. ದಾರಿ ಬಿಟ್ಟು ಹುಲ್ಲಿಗಿಳಿಯುವ ಹಾಗಿಲ್ಲ. ದನ ಬೆದರಿದರೆ ಎಂಜಿನ್ ಆರಿಸಬೇಕು. ಎಲ್ಲಕ್ಕಿಂತ ದೊಡ್ಡದು ಗೇಟು. ತೆರೆದ ಗೇಟನ್ನು ಕೊನೆಯವರು ಮುಚ್ಚಿ ಬರಬೇಕು. ಒಂದೇ ಒಂದು ಸಲ ಮರೆತು ದನ ಹೊರಗೆ ಹೋದರೆ, ಆ ದಾರಿ ಎಲ್ಲರಿಗೂ ಬಂದ್.

ಅವನ ಹಿತ್ತಲಲ್ಲಿ ಬಾಡಿಗೆ ಬೈಕಿನ ಮೇಲೆ ಅತ್ತಿಗೆಯ ಪಾಠ ಶುರುವಾಯಿತು. ಸಣಕಲು ಬೈಕು, ಆದರೆ ಸೀಟು ಅವಳ ಸೊಂಟಕ್ಕಿಂತ ಮೇಲೆ. ಒಮ್ಮೆ ಹೊರಟಳೆಂದರೆ ತಕರಾರೇ ಇಲ್ಲ. ಫುಟ್‌ರೆಸ್ಟಿನ ಮೇಲೆ ನಿಂತು, ಮೊಣಕಾಲು ಸಡಿಲ ಬಿಟ್ಟು, ಚಕ್ರದ ಮುಂದಿನ ಕಲ್ಲನ್ನು ನೋಡದೆ ದೂರದ ದಾರಿ ನೋಡುತ್ತಾ ಹೋಗುವುದನ್ನು ಅವಳು ಬೇಗ ಕಲಿತಳು. ತೊಂದರೆ ಇದ್ದದ್ದು ನಿಲ್ಲಿಸುವುದರಲ್ಲಿ. ಕಾಲು ಚಾಚಿದರೆ ನೆಲವೇ ಸಿಗುತ್ತಿರಲಿಲ್ಲ. ನಿಂತಳೋ, ದಬಕ್ಕನೆ ಬಿದ್ದಳು. ಎದ್ದಳು, ಹತ್ತಿದಳು, ಮತ್ತೆ ಬಿದ್ದಳು. ಮೈಯೆಲ್ಲ ನೀಲಿ. ಅಣ್ಣ ಮುಲಾಮು ಹಚ್ಚುತ್ತಾ ಗೊಣಗುತ್ತಿದ್ದ: "ಯಾಕೆ ಬೇಕಿತ್ತು ಈ ಉಸಾಬರಿ?"

ತಂಡದ ಜೊತೆ ಹೋದಾಗಲೂ ಅದೇ ಕಥೆ. ಪ್ರತಿ ನಿಲುಗಡೆಯಲ್ಲೂ ಜಿರಾಫೆ ಓಡಿ ಬಂದು ಬೈಕು ಹಿಡಿಯಬೇಕು. ಕೊನೆಗೆ ಅವನೇ ಸಂಕೋಚಪಡುತ್ತಾ ಹೇಳಿದ: "ಬೇಜಾರು ಮಾಡ್ಕೋಬೇಡಿ ಅಕ್ಕಾ. ನಮ್ಮಲ್ಲಿ ಗೇಟು ಮುಚ್ಚೋ ಪಾಳಿ ಎಲ್ಲರಿಗೂ ಬರುತ್ತೆ. ಕೊನೇಲಿ ಬರೋರಿಗೆ ಸಹಾಯಕ್ಕೆ ಯಾರೂ ಇರಲ್ಲ. ಒಬ್ರೇ ಇಳಿದು, ಮುಚ್ಚಿ, ಒಬ್ರೇ ಹತ್ತಿ ಬರಬೇಕು. ಭಾನುವಾರ ನಿಮ್ಮ ಪಾಳಿ. ಆಗ್ಲಿಲ್ಲ ಅಂದ್ರೆ ನಾನು ಕರ್ಕೊಂಡು ಹೋಗೋಕಾಗಲ್ಲ."

ನನಗೆ ಮೈ ಉರಿದುಹೋಯಿತು. ಅವನ ಉದ್ದ ಕಾಲಿಗೊಂದು ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಅತ್ತಿಗೆ ಮಾತ್ರ, "ನೀನು ಹೇಳೋದು ಸರಿ ಮೇಸ್ತ್ರಿ," ಅಂದಳು.

ಭಾನುವಾರ ನಾನೂ ಅಣ್ಣನೂ ವ್ಯಾನಿನಲ್ಲಿ ನೀರು ತುಂಬಿಕೊಂಡು ಡಾಂಬರು ರಸ್ತೆಯಿಂದ ಗುಡ್ಡದ ನೆತ್ತಿಗೆ ಹೋಗಿ ಕಾದೆವು. ಅಲ್ಲಿಂದ ಕೆಳಗೆ ಹಸುಗಳ ಹುಲ್ಲುಗಾವಲು, ಅದರಂಚಿನ ಕಬ್ಬಿಣದ ಗೇಟು, ಅಲ್ಲಿಂದ ಮೇಲೇರುವ ದಾರಿ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಒಬ್ಬೊಬ್ಬರೇ ಗೇಟು ದಾಟಿ ಮೇಲೆ ಬಂದರು. ಅತ್ತಿಗೆ ಕೊನೆಯವಳು. ದಾಟಿದಳು, ನಿಲ್ಲಿಸಿದಳು, ಬೈಕಿನ ಸಮೇತ ಮಗುಚಿಕೊಂಡಳು. ಹಸುಗಳು ತೆರೆದ ಗೇಟಿನತ್ತ ನಡೆದು ಬರುತ್ತಿದ್ದವು. ಬೈಕು ಅಲ್ಲೇ ಬಿಟ್ಟು ಓಡಿ, ಅವುಗಳ ಮೂತಿಯ ಮುಂದೆಯೇ ಗೇಟು ಎಳೆದು ಕೊಂಡಿ ಹಾಕಿದಳು. ನಾನು ಉಸಿರು ಬಿಟ್ಟೆ. ಅರ್ಧ ಕೆಲಸ ಮುಗಿದಿತ್ತು.

ಉಳಿದರ್ಧವೇ ಕಷ್ಟದ್ದು. ಬೈಕು ಎತ್ತಿದಳು, ಹತ್ತಿದಳು, ಎಡಕ್ಕೆ ಬಿದ್ದಳು. ಮತ್ತೆ ಎತ್ತಿದಳು, ಈ ಸಲ ಬಲಕ್ಕೆ. ಅಣ್ಣ ತಡೆಯಲಾರದೆ ಇಳಿಜಾರಿನಲ್ಲಿ ಓಡಲು ಹೊರಟ. ನಾನು ಅವನ ಅಂಗಿ ಹಿಡಿದು ಜಗ್ಗಿದೆ.

"ಬಿಡೇ, ಕಾಲು ಮುರ್ಕೋತಾಳೆ."

"ನೀನೀಗ ಹೋದ್ರೆ ಅವಳನ್ನ ಇನ್ಯಾರೂ ಕರ್ಕೊಂಡು ಹೋಗಲ್ಲ. ಸುಮ್ನೆ ನಿಲ್ಲು." ಅವನ ಕಣ್ಣಲ್ಲಿ ನೀರಿತ್ತು. ನಾನು ಅಂಗಿ ಬಿಡಲಿಲ್ಲ.

ಅತ್ತಿಗೆ ಈಗ ಬೈಕು ಹಿಡಿದು ಸುಮ್ಮನೆ ನಿಂತು ನೆಲ ನೋಡುತ್ತಿದ್ದಳು. ದಾರಿಯ ಒಂದು ಬದಿಯಲ್ಲಿ ಟ್ರ್ಯಾಕ್ಟರಿನ ಚಕ್ರ ಕೊರೆದ ಜಾಡಿತ್ತು, ಗೇಣು ಆಳದ್ದು. ಅದರೊಳಗೆ ಚಕ್ರ ಸಿಕ್ಕಿದರೆ ತಿರುಗಿಸಲು ಬರುವುದಿಲ್ಲ, ಬೀಳುವುದೇ. ಹಾಗಾಗಿ ಎಲ್ಲರೂ ಅದನ್ನು ತಪ್ಪಿಸಿಕೊಂಡೇ ಬಂದಿದ್ದರು. ಅತ್ತಿಗೆ ಬೈಕನ್ನು ತಳ್ಳಿಕೊಂಡು ಹೋಗಿ ನೇರ ಅದರೊಳಗೇ ಇಳಿಸಿದಳು.

"ಅಯ್ಯೋ, ಅಲ್ಲಿ ಬೇಡ ಅಕ್ಕಾ," ಎಂದು ಜಿರಾಫೆ ತನ್ನಷ್ಟಕ್ಕೆ ಗೊಣಗಿದ.

ಬೈಕು ಜಾಡಿನೊಳಗೆ ಗೇಣು ತಗ್ಗಾಯಿತು. ಅತ್ತಿಗೆ ಹತ್ತಿ ಕೂತು ಎಡಗಾಲು ಚಾಚಿದಳು, ಜಾಡಿನ ಅಂಚು ಸಿಕ್ಕಿತು. ಬಲಗಾಲು ಚಾಚಿದಳು, ಅತ್ತಲೂ ಅಂಚು. ಅವಳು ಬೈಕಿನ ಮೇಲೆ ಕೂತು ಎರಡೂ ಕಾಲೂರಿದ್ದು ಅದೇ ಮೊದಲು. ಎಂಜಿನ್ ಚಾಲೂ ಆದ ಸದ್ದು ಮೇಲಿನವರೆಗೂ ಕೇಳಿತು. ಜಾಡಿನಲ್ಲಿ ಚಕ್ರಕ್ಕೆ ಹೊರಳಲು ಜಾಗವೇ ಇರಲಿಲ್ಲ. ಅತ್ತಿಗೆ ಹ್ಯಾಂಡಲ್ ಜೊತೆ ಗುದ್ದಾಡಲಿಲ್ಲ, ಜಾಡು ಹೋದತ್ತ ಹೋಗಲಿ ಎಂದು ಬಿಟ್ಟಳು. ಅದು ಮುಗಿಯುವಲ್ಲಿ ಎದ್ದು ನಿಂತು, ಕಲ್ಲಿನ ಮೇಲೆ ಹಾರುತ್ತಾ ಕುಣಿಯುತ್ತಾ ನೆತ್ತಿಗೆ ಬಂದಳು. ಮುಖದಲ್ಲಿ ಹಲ್ಲು ಬಿಟ್ಟು ಉಳಿದದ್ದೆಲ್ಲ ಕೆಸರು.

ಜಿರಾಫೆ ಕೈ ಮುಂದೆ ಮಾಡಲಿಲ್ಲ. ಅತ್ತಿಗೆ ದಾರಿ ಬದಿಯ ದಿಬ್ಬ ನೋಡಿಕೊಂಡು ಅದರ ಮೇಲೆ ಕಾಲಿಟ್ಟು ತಾನೇ ನಿಲ್ಲಿಸಿದಳು.

"ಆ ಜಾಡಿಗೆ ನಾವೆಲ್ಲ ಹೆದರ್ತೀವಲ್ಲ ಅಕ್ಕಾ. ನೀವ್ಯಾಕೆ ಅಲ್ಲೇ ಇಳಿಸಿದ್ರಿ?" ಎಂದು ಅವನು ಕೇಳಿದ.

"ನಿಂಗೇನಪ್ಪ, ಎಲ್ಲಿ ಕಾಲಿಟ್ರೂ ನೆಲ ಸಿಗುತ್ತೆ," ಅಂದಳು ಅತ್ತಿಗೆ. "ನಂಗೆ ಸಿಕ್ಕಿದ್ದು ಅಲ್ಲೇ."

ನನಗೆ ಅಳು ಬಂದುಬಿಟ್ಟಿತು. ಗಿರಾಕಿಗಳು ನೋಡಿದ್ದರೆ ನಂಬುತ್ತಿರಲಿಲ್ಲ. ಜಿರಾಫೆ ಇಳಿಜಾರಿನಲ್ಲಿ ನಡೆದುಹೋಗಿ ಆ ಜಾಡಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ನೋಡಿ ಬಂದ. ನೀರು ಕುಡಿದ ಮೇಲೆ, "ವಾಪಸ್ ಹೋಗುವಾಗ ಯಾರು ಮುಂದೆ?" ಎಂದು ಯಾರೋ ಕೇಳಿದರು.

"ಅಕ್ಕ," ಅಂದ ಅವನು.

ಅತ್ತಿಗೆ ಮೊದಲು ಇಳಿದಳು. ಜಾಡಿನಲ್ಲಿ ಬೈಕು ನಿಲ್ಲಿಸಿ, ಇಳಿದು, ಗೇಟು ತೆರೆದು ಹಿಡಿದಳು. ಉದ್ದ ಕಾಲಿನವರೆಲ್ಲ ಒಬ್ಬೊಬ್ಬರಾಗಿ ಅವಳಿಗೆ ತಲೆಬಾಗಿಸಿ ಗೇಟು ದಾಟಿ ಹೋದರು.